ಏಳು ಸೀಟೋ, ಮೂರು ಬಾಗಿಲೋ?

ಅಣ್ಣನಿಗೆ ಹೆಣ್ಣು ಹುಡುಕುವಾಗಲೂ ಇಷ್ಟು ಜನ ಸಲಹೆ ಕೊಟ್ಟಿರಲಿಲ್ಲ. ಕಾರು ತಗೊಳ್ತೀವಿ ಅಂತ ಅಣ್ಣ-ಅತ್ತಿಗೆ ಬಾಯಿಬಿಟ್ಟಿದ್ದೇ ತಡ, ಚಿಕ್ಕಪ್ಪನಿಂದ ಹಿಡಿದು ಹಾಲಿನವರವರೆಗೆ ಎಲ್ಲರೂ ಆಟೊಮೊಬೈಲ್ ಎಂಜಿನಿಯರ್‌ಗಳಾಗಿಬಿಟ್ಟರು. ಒಬ್ಬರಿಗೆ ಎರ್ಟಿಗಾ ಬೇಕು, ಇನ್ನೊಬ್ಬರಿಗೆ ಥಾರ್ ಬೇಕು ಅಂತ ಗೊತ್ತಾದಾಗ ಎಲ್ಲರೂ ಅಣ್ಣನ ಕಡೆ ನೋಡಿ ನಕ್ಕರು: ‘ಏನೋ, ಹೀರೋ ಆಗಬೇಕಾ?’ ಆದರೆ ಥಾರ್ ಕೇಳಿದ್ದು ಅಣ್ಣ ಅಲ್ಲ, ಅತ್ತಿಗೆ!

ಅಣ್ಣ ಶಿವಮೊಗ್ಗದಲ್ಲಿ ಸಹಕಾರಿ ಬ್ಯಾಂಕಿನ ಗುಮಾಸ್ತ. ಅತ್ತಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಸಾಲದ ಕಂತು ಅರ್ಧರ್ಧ ಕಟ್ಟುವುದೆಂದು ಮೊದಲೇ ಮಾತಾಗಿತ್ತು. ನಾನು ಬಿ.ಕಾಂ. ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಾ ಮನೆಯಲ್ಲೇ ಇರುವವಳು. ಹಾಗಾಗಿ ಈ ವ್ಯಾಜ್ಯದ ದಾಖಲೆ ಬರೆದಿಡುವ ಕೆಲಸ ಸಂಬಳವಿಲ್ಲದೆ ನನ್ನ ಪಾಲಿಗೆ ಬಂತು.

ಎರಡೂ ಗಾಡಿಗಳ ಸ್ವಭಾವ ಉತ್ತರ-ದಕ್ಷಿಣ. 2012ರಲ್ಲಿ ನಮ್ಮ ದೇಶದ ರಸ್ತೆಗಿಳಿದ ಎರ್ಟಿಗಾ ಏಳು ಜನರ ಗಾಡಿ. ಏಳೂ ಜನ ಕೂತರೆ ಹಿಂದೆ ಉಳಿಯುವುದು 209 ಲೀಟರ್ ಜಾಗ, ಅಂದರೆ ಒಂದೆರಡು ಸೂಟ್‌ಕೇಸ್ ಇಡುವಷ್ಟು. 2020ರ ಅಕ್ಟೋಬರ್ 2ರಂದು ಹೊಸ ರೂಪದಲ್ಲಿ ಬಂದ ಥಾರ್‌ಗೆ ಮೂರೇ ಬಾಗಿಲು, ನಾಲ್ಕೇ ಸೀಟು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ಹತ್ತಬೇಕು. ನೆಲದಿಂದ 226 ಮಿಲಿಮೀಟರ್ ಎತ್ತರ ಇರುವುದರಿಂದ ಹಳ್ಳದಿಣ್ಣೆಗೆ ಹೆದರುವುದಿಲ್ಲ. ಐದು ಬಾಗಿಲಿನ ಥಾರ್ ರಾಕ್ಸ್ ಕೂಡ ಇದೆ, ಆದರೆ ಅದು ನಮ್ಮ ಬಜೆಟ್ಟಿನ ಬೇಲಿ ದಾಟಿತ್ತು. ಇವರು ನೋಡಿದ ಎರಡು ಮಾದರಿಗಳ ಬೆಲೆ ಮಾತ್ರ ಹತ್ತಿರ ಹತ್ತಿರ. ಹಾಗಾಗಿ ‘ಅಗ್ಗದ್ದು ತಗೋ’ ಅಂತ ಕೈತೊಳೆದುಕೊಳ್ಳುವ ಹಾಗೂ ಇರಲಿಲ್ಲ.

ಶುರುವಿನಲ್ಲಿ ಜಗಳ ಸರಳವಾಗಿತ್ತು. ಅಣ್ಣನದು ‘ಮನೆಗೆ ಬೇಕಾದ ಕಾರು’, ಅತ್ತಿಗೆಯದು ‘ಶೋಕಿ ಕಾರು’. ಈ ಎರಡು ಹಣೆಪಟ್ಟಿ ಅಂಟಿಸಿದ ಕೂಡಲೇ ಯಾರು ಗೆಲ್ಲಬೇಕು ಅನ್ನುವುದೂ ತೀರ್ಮಾನವಾದ ಹಾಗೆ ಅಲ್ಲವೇ? ಅತ್ತಿಗೆ ಮಾತ್ರ ಹಣೆಪಟ್ಟಿ ಕಿತ್ತು ನೋಡಿ ಅಂದರು.

ಅವರಪ್ಪ ಕೊಪ್ಪದ ಕಡೆ ಬಾಡಿಗೆ ಜೀಪು ಓಡಿಸುತ್ತಿದ್ದವರು. ಮಲೆನಾಡಿನ ಒಳಹಳ್ಳಿಗಳಲ್ಲಿ ಬಸ್ಸು ನಿಲ್ಲುವಲ್ಲಿಂದ ಮುಂದಕ್ಕೆ ಜೀಪೇ ಬಸ್ಸು, ಜೀಪೇ ಆಂಬುಲೆನ್ಸ್, ಜೀಪೇ ದಿಬ್ಬಣದ ಗಾಡಿ. ಮನೆ ಅಂಗಳದಲ್ಲೇ ಜೀಪಿದ್ದರೂ ಅದರ ಸ್ಟೀರಿಂಗ್ ಸಿಕ್ಕಿದ್ದು ತಮ್ಮನಿಗೆ. ಇವರು ಕೇಳಿದಾಗ ಬಂದ ಉತ್ತರ, ‘ಹುಡುಗೀರಿಗ್ಯಾಕೆ?’ ಕೆಲಸ ಸಿಕ್ಕ ಮೇಲೆ ಮೊದಲ ಸಂಬಳದಲ್ಲೇ ಡ್ರೈವಿಂಗ್ ಸ್ಕೂಲಿಗೆ ಸೇರಿದವರು ನಮ್ಮ ಅತ್ತಿಗೆ.

ಅಣ್ಣನದೂ ಬರೀ ಲೆಕ್ಕಾಚಾರವಲ್ಲ. ನಮ್ಮಪ್ಪ ಕೊನೆಯವರೆಗೂ ಸ್ಕೂಟರಿನಲ್ಲೇ ಓಡಾಡಿದವರು. ಮದುವೆ-ಮುಂಜಿಗೆ ನಾವು ಎರಡು ಕಂತಿನಲ್ಲಿ ಹೋಗುತ್ತಿದ್ದೆವು. ಮೊದಲು ಅಮ್ಮ ಮತ್ತು ನಾನು, ಆಮೇಲೆ ಅಪ್ಪ ವಾಪಸ್ ಬಂದು ಅಜ್ಜಿ ಮತ್ತು ಅಣ್ಣನನ್ನು ಕರೆತರುವುದು. ಎರಡನೇ ಕಂತಿನ ಅಣ್ಣನಿಗೆ ಮೊದಲ ಪಂಕ್ತಿಯ ಊಟ ಸಿಕ್ಕಿದ್ದೇ ಇಲ್ಲ. ಎಲ್ಲರೂ ಒಂದೇ ಗಾಡಿಯಲ್ಲಿ, ಒಂದೇ ಸಲ ಹೋಗಬೇಕು ಅನ್ನುವುದು ಅವನ ಕನಸು. ಅಂದರೆ ಶೋಕಿ ಇಬ್ಬರದೂ ಇತ್ತು, ಒಂದಕ್ಕೆ ಮಾತ್ರ ‘ಜವಾಬ್ದಾರಿ’ ಅಂತ ಹೆಸರು ಬಿದ್ದಿತ್ತು!

ಇದರ ಮಧ್ಯೆ ನೆಂಟರು ಇನ್ನೂ ಹುಟ್ಟದ ಮಗುವನ್ನು ತಂದು ಕಾರಿನಲ್ಲಿ ಕೂರಿಸಿದರು. ‘ನಾಳೆ ಮಗುವಾದರೆ ಥಾರ್‌ನಲ್ಲಿ ಹೇಗಮ್ಮಾ?’ ಅತ್ತಿಗೆ ಸಿಟ್ಟಾಗಲಿಲ್ಲ, ಮೊಬೈಲ್ ತೆಗೆದರು. ಮಗುವಿನ ಸೀಟು ಬಿಗಿಯುವ ಐಸೊಫಿಕ್ಸ್ ಕೊಕ್ಕೆ ಎರಡರಲ್ಲೂ ಇದೆ. ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ 2019ರಲ್ಲಿ ಎರ್ಟಿಗಾಗೆ ಮೂರು ಸ್ಟಾರ್, 2020ರಲ್ಲಿ ಥಾರ್‌ಗೆ ನಾಲ್ಕು. ಆಮೇಲೆ ಪರೀಕ್ಷೆಯ ನಿಯಮಗಳೂ ಬದಲಾಗಿವೆ, ಕಾರುಗಳೂ ಬದಲಾಗಿವೆ, ನಿಜ. ಆದರೂ ‘ಫ್ಯಾಮಿಲಿ ಕಾರು’ ಅಂದ ಮಾತ್ರಕ್ಕೆ ಹೆಚ್ಚು ಸುರಕ್ಷಿತ ಅಂತ ಕಣ್ಣುಮುಚ್ಚಿ ನಂಬಬೇಕಿಲ್ಲ ಅನ್ನುವುದು ಎಲ್ಲರಿಗೂ ಅರ್ಥವಾಯಿತು.

ಕೊನೆಗೆ ಒಂದು ಒಪ್ಪಂದವಾಯಿತು. ಮೂರು ತಿಂಗಳು ಯಾರೂ ವಾದ ಮಾಡುವಂತಿಲ್ಲ. ‘ಈಗ ಕಾರು ಇದ್ದಿದ್ದರೆ’ ಅನ್ನಿಸಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಎಲ್ಲಿಗೆ, ಎಷ್ಟು ಜನ, ಎಂಥ ರಸ್ತೆ. ಒಟ್ಟು 41 ಸಲ ಬರೆದೆ. ಅದರಲ್ಲಿ 30 ಸಲ ಇಬ್ಬರು, 9 ಸಲ ಮೂರು ಅಥವಾ ನಾಲ್ಕು ಜನ. ನಾಲ್ಕಕ್ಕಿಂತ ಹೆಚ್ಚು ಜನ ಇದ್ದದ್ದು ಎರಡೇ ಸಲ, ಒಂದು ಗೃಹಪ್ರವೇಶ, ಒಂದು ತಿಥಿ. ಅತ್ತಿಗೆಯ ತವರಿಗೆ ಆರು ಸಲ, ಅಲ್ಲಿ ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ.

ಆಮೇಲೆ ಲೆಕ್ಕ. ಲೀಟರಿಗೆ 16 ಕಿಲೋಮೀಟರ್ ಓಡುವ ಗಾಡಿಗೆ ತಿಂಗಳಿಗೆ 1,000 ಕಿಲೋಮೀಟರಿಗೆ ಸುಮಾರು 62 ಲೀಟರ್ ಬೇಕು. 12 ಓಡುವುದಕ್ಕೆ 83. ಲೆಕ್ಕ ಸುಲಭವಾಗಲಿ ಅಂತ ಲೀಟರಿಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ 2,100, ವರ್ಷಕ್ಕೆ ಸುಮಾರು 25,000 ಹೆಚ್ಚು. ದೊಡ್ಡ ಗುಂಪು ಹೋಗುವಾಗ ವರ್ಷಕ್ಕೆ ಎಂಟು ಸಲ ಬಾಡಿಗೆ ಗಾಡಿ ಹಿಡಿದರೆ, ಸಲಕ್ಕೆ ನಾಲ್ಕು ಸಾವಿರದಂತೆ 32,000. ಒಟ್ಟು ವರ್ಷಕ್ಕೆ 57,000. ತಿಂಗಳಿಗೆ 4,800 ರೂಪಾಯಿ. ಅತ್ತಿಗೆಯ ಆಸೆಯ ಬೆಲೆ ಅಷ್ಟು.

ಅತ್ತಿಗೆ ಒಂದು ನಿಮಿಷ ಸುಮ್ಮನಿದ್ದು ಹೇಳಿದರು, ‘ನಾನು ತಿಂಗಳಿಗೆ ಐದು ಸಾವಿರ ಬಂಗಾರದ ಸ್ಕೀಮಿಗೆ ಕಟ್ತೀನಲ್ಲ, ಅದನ್ನ ನಿಲ್ಲಿಸ್ತೀನಿ. ಲಾಕರಲ್ಲಿ ಮಲಗಿರೋ ಸರಕ್ಕೆ ಇವತ್ತಿನವರೆಗೆ ಯಾರೂ ಮೈಲೇಜ್ ಕೇಳಿಲ್ಲ.’ ಅಣ್ಣ ಬಿಡಲಿಲ್ಲ, ‘ಬಂಗಾರದ ಬೆಲೆ ಏರುತ್ತೆ, ಕಾರಿನದ್ದು ಇಳಿಯುತ್ತೆ.’ ‘ಗೊತ್ತು. ಗೊತ್ತಿದ್ದೇ ಕೇಳ್ತಿರೋದು’ ಅಂದರು ಅತ್ತಿಗೆ.

ಅಣ್ಣನ ಬತ್ತಳಿಕೆಯಲ್ಲಿ ಉಳಿದಿದ್ದ ಕೊನೆಯ ಬಾಣ ಅಮ್ಮನ ಮಂಡಿನೋವು. ಆ ಭಾನುವಾರ ಅಮ್ಮನನ್ನೇ ಶೋರೂಮಿಗೆ ಕರೆದುಕೊಂಡು ಹೋದೆವು. ಎರ್ಟಿಗಾದಲ್ಲಿ ಸೋಫಾದಲ್ಲಿ ಕೂತಷ್ಟು ಸಲೀಸಾಗಿ ಕೂತರು. ಥಾರ್‌ನ ಮುಂದಿನ ಸೀಟಿಗೆ ಹಿಡಿಕೆ ಹಿಡಿದು, ಮೆಟ್ಟಿಲ ಮೇಲೆ ಕಾಲಿಟ್ಟು, ಎರಡು ಸಲ ಉಸ್ಸೆಂದು ಹತ್ತಿದರು. ಹಿಂದಿನ ಸೀಟು ನೋಡಿ, ‘ಅದು ನನಗಲ್ಲ’ ಅಂದರು. ಅಲ್ಲಿಂದಲೇ ತೀರ್ಪೂ ಬಂತು: ‘ಮುಂದೆ ಕೂರಿಸಿದರೆ ಬರ್ತೀನಿ. ಆದರೆ ನಿಮ್ಮಿಬ್ಬರ ಜಗಳಕ್ಕೆ ನನ್ನ ಮಂಡೀನ ವಕೀಲನ್ನ ಮಾಡ್ಬೇಡಿ. ಯಾರಿಗೆ ಏನು ಬೇಕೋ ಅವರವರ ಬಾಯಲ್ಲೇ ಹೇಳಿ.’

ಅಣ್ಣ ಅವತ್ತು ರಾತ್ರಿ ಸ್ಕೂಟರಿನ ಎರಡನೇ ಕಂತಿನ ಕಥೆಯನ್ನು ಮೊದಲ ಬಾರಿಗೆ ಅತ್ತಿಗೆಗೆ ಹೇಳಿದ. ಅತ್ತಿಗೆ ಜೀಪಿನ ಕಥೆ ಹೇಳಿದರು. ಮದುವೆಯಾಗಿ ಎರಡು ವರ್ಷವಾಗಿತ್ತು, ಇಬ್ಬರಿಗೂ ಇದು ಹೊಸ ಸುದ್ದಿ!

ಥಾರ್ ಅಂತಲೇ ತೀರ್ಮಾನವಾಯಿತು, ಅಣ್ಣನ ಎರಡು ಷರತ್ತಿನ ಮೇಲೆ. ಒಂದು, ಹಬ್ಬಕ್ಕೆ ಊರಿಗೆ ಹೋಗುವಾಗ ಎಲ್ಲರೂ ಒಂದೇ ಬಾಡಿಗೆ ಗಾಡಿಯಲ್ಲಿ ಒಟ್ಟಿಗೆ ಹೋಗಬೇಕು. ಇನ್ನೊಂದು, ಸಾಲ ಏಳು ವರ್ಷಕ್ಕಲ್ಲ, ಐದಕ್ಕೆ. ಅವನು ಬ್ಯಾಂಕಿನವನಲ್ಲವೇ! ಹತ್ತು ಲಕ್ಷಕ್ಕೆ ಶೇ 9 ಬಡ್ಡಿಯಾದರೆ ಏಳು ವರ್ಷಕ್ಕೆ ಕಂತು ಸುಮಾರು 16,100, ಐದು ವರ್ಷಕ್ಕೆ 20,750. ಏಳು ವರ್ಷದ ಕಂತು ಹಗುರ ಕಂಡರೂ ಬಡ್ಡಿ ಮಾತ್ರ ಒಂದು ಲಕ್ಷಕ್ಕೂ ಹೆಚ್ಚು ಜಾಸ್ತಿ. ಜೊತೆಗೆ ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 17. ಹನ್ನೆರಡು ಲಕ್ಷದ ಗಾಡಿಗೆ 2,04,000 ರೂಪಾಯಿ, ಮೇಲೆ ಸೆಸ್ ಬೇರೆ. ಇದನ್ನೆಲ್ಲ ಕೂಡಿಸಿ ನೋಡಿದ ಮೇಲೆ ಇನ್ನೂ ಎಂಟು ತಿಂಗಳು ದುಡ್ಡು ಕೂಡಿಟ್ಟು, ಆಮೇಲೆ ಬುಕ್ ಮಾಡಿದರು.

ಈಗ ನಮ್ಮನೆ ಗಾಡಿಯ ಆರ್‌ಸಿ ಕಾರ್ಡಿನಲ್ಲಿ ಅತ್ತಿಗೆಯ ಹೆಸರಿದೆ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಎರ್ಟಿಗಾ ಬಂದು ನಿಂತರೆ ಅಣ್ಣ ಅದರ ಹಿಂದಿನ ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಇಣುಕಿ ಎಣಿಸುತ್ತಾನೆ. ಎಣಿಸಲಿ ಬಿಡಿ, ಆಸೆ ಅಷ್ಟು ಬೇಗ ಹೋಗುವುದಿಲ್ಲ.

ನಮ್ಮ-ನಿಮ್ಮಂಥವರ ಮುಂದೆ ಇನ್ನೂ ಕಾರಿಲ್ಲ. ಯಾವ ಕೋರ್ಸು, ಯಾವ ಕೆಲಸ, ಯಾವ ಊರು ಅನ್ನುವ ಪ್ರಶ್ನೆಗಳಿವೆ. ಅಲ್ಲೂ ‘ಪ್ರಾಕ್ಟಿಕಲ್’ ಅನ್ನುವ ಪದ ಆಗಾಗ ಬಂದು ಎದೆ ಮೇಲೆ ಕೂರುತ್ತದೆ. ಬಂದಾಗ ಎರಡು ಪ್ರಶ್ನೆ ಕೇಳಿ ನೋಡಿ: ಇದು ಯಾರ ಆಸೆ? ಇದರ ಬೆಲೆ ಎಷ್ಟು, ಕಟ್ಟುವವರು ಯಾರು? ನಾನಂತೂ ಆ ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಎಸೆಯದೆ ಇಟ್ಟುಕೊಂಡಿದ್ದೇನೆ.