ಬಿಡುವು ಕೂಡ ಒಂದು ಬಂಡವಾಳ

ಸಾಫ್ಟ್‌ವೇರ್ ಉದ್ಯೋಗಿಗಳು ಎಷ್ಟು ಹೊತ್ತು ದುಡಿಯಬೇಕು ಎಂಬ ಚರ್ಚೆ ನಮ್ಮಲ್ಲಿ ಮತ್ತೆ ಮತ್ತೆ ತಲೆ ಎತ್ತುತ್ತಿದೆ. 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ಈ ಕ್ಷೇತ್ರದ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದು, ನೌಕರರ ಸಂಘಟನೆಯ ತೀವ್ರ ವಿರೋಧವನ್ನು ಎದುರಿಸಿತು. ಉತ್ಪಾದಕತೆ, ಆರೋಗ್ಯ, ಕುಟುಂಬ ಎಲ್ಲವೂ ಈ ವಾಗ್ವಾದದಲ್ಲಿ ಬಂದುಹೋದವು. ಆದರೆ ಕಚೇರಿಯಿಂದ ಹೊರಬಿದ್ದ ಉದ್ಯೋಗಿ ಯಾವುದರಲ್ಲಿ ಆಸಕ್ತನಾಗಿರುತ್ತಾನೆ, ಆ ಆಸಕ್ತಿಯಿಂದ ಸಮಾಜಕ್ಕೆ ದೊರೆಯುವುದೇನು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ.

ದಾವಣಗೆರೆ ಜಿಲ್ಲೆಯಲ್ಲಿ ಕೆಲಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ ಈ ಪ್ರಶ್ನೆ ಮುಖ್ಯವೆನಿಸಿದೆ. ಚನ್ನಗಿರಿ, ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ನ್ಯಾಮತಿ ಮತ್ತು ಜಗಳೂರು ಒಂದೇ ಜಿಲ್ಲೆಗೆ ಸೇರಿದ್ದರೂ ಒಂದೇ ತೆರನಾದ ನೆಲವಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆಯೂ ಅಡಿಕೆ ತೋಟಗಳೂ ಇವೆ. ಹೊನ್ನಾಳಿಗೆ ತುಂಗಭದ್ರೆಯ ದಡವಿದೆ. ಜಗಳೂರಿಗೆ ಬರಗಾಲ ಹೊಸತಲ್ಲ. ತೋಟದ ಮನೆಯಾಗಲಿ ಖುಷ್ಕಿ ಬೇಸಾಯದ ಮನೆಯಾಗಲಿ, ಮಗ ಅಥವಾ ಮಗಳು ಎಂಜಿನಿಯರ್ ಆಗಬೇಕೆಂಬ ಹಂಬಲ ಮಾತ್ರ ಸಮಾನ. 1951ರಲ್ಲಿ ಆರಂಭವಾದ ಯು.ಬಿ.ಡಿ.ಟಿ. ಕಾಲೇಜು, 1979ರಲ್ಲಿ ಆರಂಭವಾದ ಬಾಪೂಜಿ ತಾಂತ್ರಿಕ ವಿದ್ಯಾಲಯ ದಾವಣಗೆರೆಯಲ್ಲೇ ಇರುವುದು ಈ ಹಂಬಲಕ್ಕೆ ದಾರಿಯಾಯಿತು. ಓದು ಮುಗಿಸಿದವರು ಬೆಂಗಳೂರಿನ ಬಸ್ಸು ಹತ್ತಿದರು.

ಹಾಗೆ ಹೋದ ಜಗಳೂರು ತಾಲ್ಲೂಕಿನ ಒಬ್ಬರ ಪರಿಚಯ ನನಗಿದೆ. ವಾರದ ಐದು ದಿನ ಕಂಪನಿಯ ಕೆಲಸ. ರಾತ್ರಿ ಮನೆಯಲ್ಲಿ ಕನ್ನಡಕ್ಕಾಗಿ ಪುಟ್ಟ ತಂತ್ರಾಂಶಗಳ ತಯಾರಿ. ಭಾನುವಾರ ಬೆಳಿಗ್ಗೆ ಕ್ರಿಕೆಟ್, ಮಧ್ಯಾಹ್ನ ಹಿಂದೂಸ್ತಾನಿ ಗಾಯನದ ಪಾಠ, ಸಂಜೆ ಸಿನಿಮಾ. ಊರಿಗೆ ಬಂದಾಗ ಹಿರಿಯರು ಕೇಳುವ ಪ್ರಶ್ನೆ ಒಂದೇ: ‘ಇವನ್ನೆಲ್ಲಾ ಕಟ್ಕೊಂಡು ಏನು ಬಂತಪ್ಪಾ?’ ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವೂ ಇದೆ.

ಮೊದಲು ತಂತ್ರಾಂಶದ ಮಾತು. 1998ರಲ್ಲಿ ಬಂದ ‘ಬರಹ’ವನ್ನು ರೂಪಿಸಿದವರು ಶೇಷಾದ್ರಿವಾಸು ಎಂಬ ಸಾಫ್ಟ್‌ವೇರ್ ಎಂಜಿನಿಯರ್, ಅದು ಅವರ ಬಿಡುವಿನ ಹವ್ಯಾಸದ ಫಲ. ಲಕ್ಷಾಂತರ ಕನ್ನಡಿಗರು ಗಣಕದಲ್ಲಿ ಮೊದಲ ಬಾರಿಗೆ ತಮ್ಮ ಭಾಷೆಯನ್ನು ಮೂಡಿಸಿದ್ದು ಅದರ ನೆರವಿನಿಂದ. ಕನ್ನಡ ಕೀಲಿಮಣೆಯ ವಿನ್ಯಾಸಕ್ಕೆ ಬುನಾದಿ ಹಾಕಿದ ಕೆ.ಪಿ. ರಾವ್ ಅವರ ದುಡಿಮೆಯ ಹಿಂದೆಯೂ ಇದ್ದದ್ದು ಭಾಷೆಯ ಮೇಲಿನ ಅಕ್ಕರೆ. ತಾಲ್ಲೂಕು ಕಚೇರಿಗಳ ಕಡತಗಳು ಕನ್ನಡದಲ್ಲೇ ಮುದ್ರಣಗೊಳ್ಳುವುದನ್ನು ಕಂಡ ನಾನು ಇದರ ಬೆಲೆಯನ್ನು ಬಲ್ಲೆ. ಮಾರುಕಟ್ಟೆ ಲಾಭ ಕಾಣದೆ ಕೈಬಿಟ್ಟ ಕೆಲಸವನ್ನು ಬಿಡುವಿನ ಪ್ರೀತಿ ಪೂರೈಸಿತು.

ಕ್ರೀಡೆಯ ಉದಾಹರಣೆಗಳು ಇನ್ನೂ ಹಳೆಯವು. ಇ.ಎ.ಎಸ್. ಪ್ರಸನ್ನ ಅವರು 1962ರಲ್ಲಿ ಟೆಸ್ಟ್ ಪ್ರವೇಶಿಸಿಯೂ ಎಂಜಿನಿಯರಿಂಗ್ ಓದಿಗಾಗಿ ಟೆಸ್ಟ್ ಅಂಗಳದಿಂದ ಸುಮಾರು ಐದು ವರ್ಷ ದೂರ ಉಳಿದರು. ಮರಳಿ ಬಂದು ಒಟ್ಟು 189 ವಿಕೆಟ್ ಪಡೆದರು. ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಇಬ್ಬರೂ ಎಂಜಿನಿಯರಿಂಗ್ ಪದವೀಧರರು. ಸಣ್ಣ ಊರಿನ ಹುಡುಗರಿಗೆ ಇನ್ನೂ ಹತ್ತಿರದ ಮಾದರಿ ನಮ್ಮ ‘ದಾವಣಗೆರೆ ಎಕ್ಸ್‌ಪ್ರೆಸ್’ ಆರ್. ವಿನಯ್ ಕುಮಾರ್. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದಿತು.

ಶಾಸ್ತ್ರೀಯ ಸಂಗೀತ ಈ ಊರುಗಳಿಗೆ ಪರಕೀಯವೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ತವರು ದಾವಣಗೆರೆ. ವೃತ್ತಿ ರಂಗಭೂಮಿಯ ಹಾಡುಗಳು ಹಿಂದೂಸ್ತಾನಿ ರಾಗಗಳ ಮೇಲೆ ನಿಂತವು. ರಾಗದ ಹೆಸರು ತಿಳಿಯದ ರೈತನೂ ಅದರ ಧಾಟಿಯನ್ನು ಗುನುಗುತ್ತಿದ್ದ. ಸಿನಿಮಾ ಆ ಪರಂಪರೆಯನ್ನು ಮುಂದುವರಿಸಿತು. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಹುಟ್ಟಿ, ಅಧ್ಯಾಪನ ವೃತ್ತಿಯ ಜೊತೆಗೇ ಕಾವ್ಯ ರಚಿಸಿದ ಎಚ್.ಎಸ್. ವೆಂಕಟೇಶಮೂರ್ತಿಯವರು 1993ರ ‘ಚಿನ್ನಾರಿ ಮುತ್ತ’ಕ್ಕೆ ಹಾಡುಗಳನ್ನು ಬರೆದರು. ಸಾಫ್ಟ್‌ವೇರ್ ಉದ್ಯೋಗ ತೊರೆದು ಬಂದ ರಕ್ಷಿತ್ ಶೆಟ್ಟಿ 2014ರಲ್ಲಿ ‘ಉಳಿದವರು ಕಂಡಂತೆ’ ನಿರ್ದೇಶಿಸಿದರು.

ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನೂರು ವರ್ಷಗಳ ನಂತರ ಮನುಷ್ಯನಿಗೆ ವಾರಕ್ಕೆ 15 ಗಂಟೆಯ ದುಡಿಮೆ ಸಾಕಾದೀತೆಂದೂ, ಬಿಡುವನ್ನು ಚೆನ್ನಾಗಿ ಬಳಸುವುದೇ ಆಗಿನ ಸಮಸ್ಯೆಯಾದೀತೆಂದೂ ಊಹಿಸಿದ್ದರು. ಆ ಗಡುವು ಹತ್ತಿರವಾಗಿದೆ. ನಾವು 70 ಗಂಟೆಗಳ ಲೆಕ್ಕದಲ್ಲಿದ್ದೇವೆ. ಹೆಚ್ಚಿನ ಒಂದು ಗಂಟೆಯ ದುಡಿಮೆಯಿಂದ ಕಂಪನಿಗೆ ಬರುವ ಆದಾಯ ಲೆಕ್ಕಪತ್ರದಲ್ಲಿ ಕಾಣುತ್ತದೆ. ಆ ಒಂದು ಗಂಟೆಯಲ್ಲಿ ಹುಟ್ಟಬಹುದಾಗಿದ್ದ ಇನ್ನೊಂದು ‘ಬರಹ’ ಎಲ್ಲಿಯೂ ಕಾಣುವುದಿಲ್ಲ. ಲೆಕ್ಕಕ್ಕೆ ಸಿಗದ್ದನ್ನು ನಷ್ಟವೇ ಅಲ್ಲವೆನ್ನುವುದು ಕೆಟ್ಟ ಅರ್ಥಶಾಸ್ತ್ರ.

ಬಿಡುವಿದ್ದರಷ್ಟೇ ಸಾಲದು, ಅಭಿರುಚಿ ಎಳವೆಯಲ್ಲೇ ಬೇರೂರಬೇಕು. ನಗರದ ಮಗುವಿಗೆ ಸಂಗೀತ ಶಾಲೆ, ಕ್ರೀಡಾ ಕ್ಲಬ್ಬುಗಳು ಹಣಕ್ಕೆ ದೊರೆಯುತ್ತವೆ. ಜಗಳೂರಿನ ಅಥವಾ ನ್ಯಾಮತಿಯ ಮಗುವಿಗೆ ಸರ್ಕಾರಿ ಶಾಲೆಯ ಅಂಗಳವೇ ಗತಿ. ಹೆಣ್ಣುಮಕ್ಕಳಿಗೆ ಸಂಜೆಯ ಹೊತ್ತು ಅದೂ ದಕ್ಕುವುದು ಕಷ್ಟ. ಪಿಯುಸಿ ಅಂಕಗಳ ಬೆನ್ನುಹತ್ತಿದ ನಮ್ಮ ಕೋಚಿಂಗ್ ವ್ಯವಸ್ಥೆ ಉಳಿದ ಹೊತ್ತನ್ನೂ ನುಂಗುತ್ತಿದೆ. ಎಂಜಿನಿಯರುಗಳು ತಯಾರಾಗುತ್ತಾರೆ, ಕೆಲಸದಾಚೆಗೆ ಅವರಿಗೆ ಉಳಿಯುವುದು ಮೊಬೈಲ್ ಪರದೆ ಮಾತ್ರ.

ದೇಶದಲ್ಲೇ ಮೊದಲೆನಿಸಿದ ರಾಜ್ಯ ಮಟ್ಟದ ಮಾಹಿತಿ ತಂತ್ರಜ್ಞಾನ ನೀತಿಯನ್ನು ಕರ್ನಾಟಕ 1997ರಲ್ಲಿ ಪ್ರಕಟಿಸಿದಾಗ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು. ದಾವಣಗೆರೆ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಅಂದು ಉದ್ಯೋಗಕ್ಕೆ ನೀತಿ ಬೇಕಿತ್ತು, ಬಂತು. ಇಂದು ಈ ನಾಲ್ಕೂ ತಾಲ್ಲೂಕು ಕೇಂದ್ರಗಳಿಗೆ ಬೇಕಿರುವುದು ಹೊಸ ಕಟ್ಟಡಗಳಲ್ಲ. ಇರುವ ಮೈದಾನಗಳಿಗೆ ದೀಪ, ಹೆಣ್ಣುಮಕ್ಕಳಿಗೆ ಮೀಸಲಾದ ಆಟದ ಅವಧಿ, ನಾಲ್ಕಾರು ಶಾಲೆಗಳಿಗೆ ಸೇರಿ ಒಬ್ಬ ಸಂಗೀತ ಶಿಕ್ಷಕ, ಸಮುದಾಯ ಭವನದಲ್ಲಿ ತಿಂಗಳಿಗೊಂದು ಒಳ್ಳೆಯ ಸಿನಿಮಾ, ಗ್ರಂಥಾಲಯದಲ್ಲಿ ಮಕ್ಕಳ ಕೈಗೆ ಸಿಗುವ ಒಂದು ಕಂಪ್ಯೂಟರ್. ಊರು ಬಿಟ್ಟು ಹೋದ ಎಂಜಿನಿಯರುಗಳು ತಿಂಗಳಿಗೊಂದು ಭಾನುವಾರ ಬಂದು ಕಲಿಸಲು ಒಪ್ಪಿಯಾರು. ಅವರಿಗೆ ಕೀಲಿ ತೆರೆದುಕೊಡುವವರು ಬೇಕು. ತಾಲ್ಲೂಕು ಪಂಚಾಯಿತಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಇದಕ್ಕೊಂದು ಸಾಲು ಸೇರಿಸುವುದು ಅಸಾಧ್ಯವೇನಲ್ಲ.