ಕಾಗದ ಬೇರೆಯವರ ಕೈಯಲ್ಲಿದ್ದರೆ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅಕ್ಕಿ ಗಿರಣಿಯಲ್ಲಿ ಅವರಿಗೆ ಕೂಲಿ ಕೆಲಸ. ಒಂದು ಸಂಜೆ ಮನೆಗೆ ಬರುವಾಗ ಲಾರಿ ಡಿಕ್ಕಿ ಹೊಡೆಯಿತು. ಕಾಲಿನ ಮೂಳೆ ಮುರಿಯಿತು. ಆರು ತಿಂಗಳು ಮನೆಯಲ್ಲೇ ಕೂತರು. ಕೂಲಿ ಇಲ್ಲ. ಔಷಧಿಗೆ ಸಾಲ.

ಅಕ್ಕ ಪರಿಹಾರಕ್ಕೆ ಅರ್ಜಿ ಹಾಕಿದರು. ಇಂಥ ಅರ್ಜಿಯನ್ನು ವಿಚಾರಣೆ ಮಾಡುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಲಾರಿ ಮಾಲೀಕರು ಮತ್ತು ವಿಮಾ ಕಂಪನಿ ಎದುರು ಪಕ್ಷ.

ಕಂಪನಿಯ ವಕೀಲರು ಕೇಳಿದರು: "ನಿಮಗೆ ಇಷ್ಟು ಕೂಲಿ ಬರ್ತಿತ್ತು ಅನ್ನೋದಕ್ಕೆ ಏನಮ್ಮ ಪುರಾವೆ?"

ಪುರಾವೆ ಗಿರಣಿಯ ಕೂಲಿ ಪುಸ್ತಕದಲ್ಲಿತ್ತು. ಅಕ್ಕ ಹೋಗಿ ಕೇಳಿದರು. "ನಿನ್ನ ಕೇಸಿಗೂ ನನಗೂ ಏನು ಸಂಬಂಧ? ಪುಸ್ತಕ ಕೊಡಲ್ಲ" ಎಂದರು ಸಾಹುಕಾರರು.

ಪುರಾವೆ ಇಲ್ಲದಿದ್ದರೆ ನ್ಯಾಯಮಂಡಳಿ ಆದಾಯವನ್ನು ಅಂದಾಜು ಮಾಡುತ್ತದೆ. ಅಂದಾಜು ಕಡಿಮೆಯಾದರೆ ಪರಿಹಾರವೂ ಕಡಿಮೆ. ಹಾಗಾದರೆ ಏನು ಮಾಡೋಣ?

ಸಾಹುಕಾರರ ಮಾತು ಅರ್ಧ ನಿಜ. ಅವರು ಈ ಕೇಸಿನಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಆದರೆ ಕೇಸಿಗೆ ಬೇಕಾದ ಕಾಗದ ಅವರ ಹತ್ತಿರ ಇದೆ. ಇಂಥ ಹೊರಗಿನವರಿಂದಲೂ ಕಾಗದ ತರಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. 1988ರ ಮೋಟಾರು ವಾಹನ ಕಾಯಿದೆಯ 169ನೇ ಕಲಮು ಈ ಅಧಿಕಾರ ಕೊಟ್ಟಿದೆ.

ಇದು ಹೇಗೆ ನಡೆಯುತ್ತದೆ?

ಮೊದಲು ನಮ್ಮ ವಕೀಲರು ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಯಾವ ಕಾಗದ? ಯಾರ ಹತ್ತಿರ ಇದೆ? ಯಾವ ತಿಂಗಳಿನದು? ಯಾತಕ್ಕೆ ಬೇಕು? ಇಷ್ಟನ್ನೂ ಬರೆಯಬೇಕು. "ಇರೋದೆಲ್ಲ ತರಿಸಿ" ಎಂದರೆ ಆಗದು. ಕೇಸಿಗೆ ಬೇಕಾದದ್ದನ್ನು ಮಾತ್ರ ಕೇಳಬೇಕು. ಖರ್ಚಿಗೆ ಸ್ವಲ್ಪ ಹಣ ಕಟ್ಟಬೇಕಾಗಬಹುದು.

ನ್ಯಾಯಾಧೀಶರು ಒಪ್ಪಿದರೆ ಸಮನ್ಸ್ ಹೊರಡುತ್ತದೆ. ಕಾಗದ ಮಾತ್ರ ಕೇಳಿದ್ದರೆ ಸಾಹುಕಾರರೇ ಬರಬೇಕೆಂದಿಲ್ಲ. ಬೇರೆಯವರ ಕೈಯಲ್ಲಿ ಕಳಿಸಿದರೂ ಸಾಕು. ಕಾರಣವಿಲ್ಲದೆ ಸಮನ್ಸ್ ಮೀರಿದರೆ ವಾರಂಟ್ ಬರಬಹುದು, ದಂಡ ಬೀಳಬಹುದು. ಬಂದ ಕಾಗದ ಸರಿಯಾದದ್ದೆಂದು ಹೇಳಲು ಸಾಕ್ಷಿಯೂ ಬೇಕಾಗಬಹುದು. ಇದನ್ನು ವಕೀಲರಲ್ಲಿ ಮೊದಲೇ ಕೇಳಿಕೊಳ್ಳೋಣ.

ಆಸ್ಪತ್ರೆಯ ಕಾಗದ

ಆಸ್ಪತ್ರೆಯಲ್ಲಿ ನಮ್ಮ ಕೇಸ್ ಶೀಟ್ ಇರುತ್ತದೆ. ಯಾವ ಗಾಯ, ಯಾವ ಚಿಕಿತ್ಸೆ ಎಂದು ಅದರಲ್ಲಿ ಬರೆದಿರುತ್ತಾರೆ. ಇದಕ್ಕೆ ಮೊದಲು ನಾವೇ ಅರ್ಜಿ ಕೊಡಬಹುದು. ರೋಗಿ ಕೇಳಿದರೆ 72 ಗಂಟೆಯೊಳಗೆ ಡಾಕ್ಟರು ದಾಖಲೆ ಕೊಡಬೇಕು. 2002ರ ವೈದ್ಯರ ನಡತೆ ನಿಯಮದಲ್ಲಿ ಹೀಗಿದೆ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕೆಂದೂ ಇದೆ. ಆಮೇಲೆ ಅದು ಸಿಗದೇ ಹೋಗಬಹುದು. ಅದಕ್ಕೇ ತಡ ಮಾಡಬಾರದು. ಕೇಳಿದರೂ ಕೊಡದಿದ್ದರೆ ನ್ಯಾಯಮಂಡಳಿಯ ಮೂಲಕ ತರಿಸೋಣ.

ವಕೀಲರಿಗೆ ಕೊಡಲು ಹಣ ಇಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ತಾಲ್ಲೂಕಿನ ಕೋರ್ಟಿನಲ್ಲೇ ಇರುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕೆಲಸಗಾರರು ಇಲ್ಲಿ ವಕೀಲರ ನೆರವನ್ನು ಉಚಿತವಾಗಿ ಕೇಳಬಹುದು. ಫೋನ್ ನಂಬರ್ 15100.

ಅಕ್ಕನ ಕೇಸಿಗೆ ಕೂಲಿ ಪುಸ್ತಕ ಬಂತು. ಹಳೆಯ ಹಾಳೆಗಳಲ್ಲಿ ಅವರ ಹೆಬ್ಬೆಟ್ಟು ಇತ್ತು. ನಮ್ಮ ಕೇಂದ್ರಕ್ಕೆ ಸೇರಿದ ಮೇಲಿನ ಹಾಳೆಗಳಲ್ಲಿ ಸಹಿ ಇತ್ತು. ವಕೀಲರು ಪುಸ್ತಕ ತೋರಿಸಿ, "ಇದು ಯಾರ ಸಹಿ?" ಎಂದು ಕೇಳಿದರು.

"ನಂದೇ ಸ್ವಾಮಿ. ಪಕ್ಕದಲ್ಲಿ ಬರೆದಿರೋ ಕೂಲೀನೂ ಓದ್ಲಾ?" ಎಂದರು ಅಕ್ಕ. ಓದಿಯೂ ಓದಿದರು.

ನಾವೂ ಸಹಿ ಹಾಕುವ ಮೊದಲು ಓದೋಣ. ನಮ್ಮ ಕಾಗದ ಎಲ್ಲೆಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳೋಣ.