ಎರೆ ನೆಲದಲ್ಲೊಂದು ಜಲಪಾತ

ನವಲಗುಂದದಿಂದ ಅಣ್ಣಿಗೇರಿಗೆ ಹೊರಟರೆ ದಾರಿಯುದ್ದಕ್ಕೂ ಎರೆ ಹೊಲ. ಕಡಲೆ, ಜೋಳ ಕಟಾವಾದ ಮೇಲಂತೂ ನೆರಳಿಗೊಂದು ಜಾಲಿ ಗಿಡ ಸಿಕ್ಕರೆ ಪುಣ್ಯ. ಅಂಥ ಸೀಮೆಯ ಮನೆಗಳ ಪಡಸಾಲೆಯಲ್ಲಿ ಮೊಳೆಗೆ ತೂಗಿದ ಹಳೆಯ ಫೋಟೋಗಳನ್ನು ನೋಡಿ: ಹಿಂದೆ ಜಲಪಾತ, ಕೊಳದಲ್ಲಿ ಹಂಸ, ಪಕ್ಕದಲ್ಲಿ ಬಂಗಲೆಯ ಮೆಟ್ಟಿಲು. ಎಲ್ಲವೂ ಪೇಟೆಯ ಫೋಟೋ ಸ್ಟುಡಿಯೊದ ಪರದೆಯ ಕೃಪೆ.

ಧಾರವಾಡ ಸೀಮೆಯ ಮೊದಮೊದಲ ಫೋಟೋಗಳಲ್ಲಿ ಮನುಷ್ಯರಿಗಿಂತ ಗುಡಿಗಳೇ ಹೆಚ್ಚು. ವೈದ್ಯ ಪಿಗೂ 1850ರ ದಶಕದಲ್ಲಿ ತೆಗೆದ ಇಂಥ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅತ್ತ ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ಡೆರಿ 1854ರಲ್ಲಿ ಅಗ್ಗದ ಕಾರ್ಡು ಫೋಟೋಕ್ಕೆ ಹಕ್ಕುಪತ್ರ ಪಡೆದಿದ್ದ. ಅದರ ಬೆನ್ನಿಗೇ ಬರೆದ ಪರದೆ, ರಟ್ಟಿನ ಕಂಬಗಳು ಸ್ಟುಡಿಯೊಗಳಲ್ಲಿ ಸಾಮಾನ್ಯವಾದವು. ನಮ್ಮ ತಾಲ್ಲೂಕು ಪೇಟೆಗಳಿಗೆ ಅವು ತಡವಾಗಿ ಬಂದರೂ ಜನರಿಗೆ ಬೆರಗಾಗಲಿಲ್ಲ. ಗದಗಿನ ಗರುಡ ಸದಾಶಿವರಾಯರ ಕಂಪನಿಯಂಥ ನಾಟಕ ಮಂಡಳಿಗಳು ಅರಮನೆ, ಕಾಡು, ಬೀದಿಯ ಪರದೆಗಳನ್ನು ಮೊದಲೇ ತೋರಿಸಿದ್ದವಲ್ಲ!

ಪರದೆ ಬರೆಯುವುದರಲ್ಲಿ ಹಿಕಮತ್ತಿದೆ. ಕಪ್ಪು-ಬಿಳುಪಿನ ಕಾಲಕ್ಕೆ ಬೂದು ಛಾಯೆಗಳೇ ಸಾಕು. ಆದರೆ ಗುಡ್ಡ, ಗಿಡ ಮಸುಕಾಗಿರಬೇಕು. ಗೆರೆ ಚೂಪಾಯಿತೋ, ಕುಳಿತ ಗೌಡರ ತಲೆಯಿಂದಲೇ ತೆಂಗು ಮೊಳೆತಂತೆ ಕಾಣುತ್ತದೆ. ಕೂರುವವರು ಪರದೆಯಿಂದ ನಾಲ್ಕು ಹೆಜ್ಜೆ ಮುಂದಿರಬೇಕು. ನೆರಳು ಬಿದ್ದರೆ ಆಕಾಶ ಬರೀ ಅರಿವೆ ಎಂಬ ಗುಟ್ಟು ರಟ್ಟು. ಪರದೆ ನೆಲಕ್ಕೆ ತಾಗುವಲ್ಲಿ ಹೂಕುಂಡ, ಸ್ಟೂಲು, ಕುರ್ಚಿ. “ಗದ್ದ ಮ್ಯಾಲ ಮಾಡ್ರಿ, ಅಲ್ಲಾಡಬ್ಯಾಡ್ರಿ” ಎಂದು ಕ್ಲಿಕ್ಕಿಸಿದ ಮೇಲೆ, ನೆಗೆಟಿವ್ ಮೇಲೆ ಚೂಪು ಸೀಸದಕಡ್ಡಿ ಆಡಿಸಿ ಸುಕ್ಕು, ಸಿಡುಬಿನ ಕಲೆ ಅಳಿಸುವ ಕೆಲಸ.

ತಮಾಷೆಯೆಂದರೆ ಕಾಡಿನ ಸೆರಗಿನಲ್ಲಿರುವ ಕಲಘಟಗಿಯವರೂ ಬರೆದ ಕಾಡಿನ ಮುಂದೆಯೇ ಕೂರುತ್ತಿದ್ದರು. ನನಗಿದು ಸುಳ್ಳು ಅನ್ನಿಸುವುದಿಲ್ಲ. ಫೋಟೋ ತೆಗೆಸುವ ದಿನ ಇಸ್ತ್ರಿ ಅಂಗಿ ತೊಟ್ಟಂತೆ, ಇಸ್ತ್ರಿಯಾದ ನಿಸರ್ಗವೂ ಬೇಕಿತ್ತು. ಜಿಗಣೆ, ಕೆಸರು ಇಲ್ಲದ್ದು.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಈ ಪರದೆಯ ಆಟವನ್ನು ಗ್ಯಾಲರಿಗೊಯ್ದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗಿನ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ (2000–2004) ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಸಿನಿಮಾ ನಾಯಕಿಯೂ ಅವರೇ. ನಮ್ಮ ಹಳ್ಳಿಯವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ, ಕಲೆಯೆಂಬ ಹೆಸರಿಲ್ಲದೆ.

ಈಗ ಪರದೆಯ ಜಾಗಕ್ಕೆ ಫ್ಲೆಕ್ಸ್ ಬಂದಿದೆ, ಇಲ್ಲವೇ ಹಸಿರು ಬಟ್ಟೆ; ಗುಡ್ಡ, ಹೊಳೆಯನ್ನು ಕಂಪ್ಯೂಟರ್ ಕೂಡಿಸುತ್ತದೆ. ಹಳೆಯ ಫೋಟೋ ಮನೆಯಲ್ಲಿದ್ದರೆ ಹಿಂದೆ ತಿರುಗಿಸಿ. ಸ್ಟುಡಿಯೊದ ಮುದ್ರೆ ಸಿಕ್ಕೀತು. ಪರದೆ ಬರೆದವರ ಹೆಸರು ಸಿಗುವುದು ಅಪರೂಪ.